1838ರ ಇಸ್ತಾಂಬುಲ್‌ನಲ್ಲಿ ಕೊಲೆ, ಗಡಿಯಾರ ಮಾತ್ರ ಧಾರವಾಡದ್ದು

ಸಾಧನಕೇರಿ ಹುಡುಗ:
ಆಟೊಮನ್ ಕಾಲದ ಇಸ್ತಾಂಬುಲ್ ಇಟ್ಟುಕೊಂಡು ಕನ್ನಡದಲ್ಲಿ ಒಂದು ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದೇನೆ. ನಗಬೇಡಿ. 1838ರ ಡಿಸೆಂಬರ್. ಆ ವರ್ಷ ಆಗಸ್ಟ್‌ನಲ್ಲಿ ಇಂಗ್ಲಿಷರು, ನವೆಂಬರ್‌ನಲ್ಲಿ ಫ್ರೆಂಚರು ಸುಲ್ತಾನನ ಜೊತೆ ವ್ಯಾಪಾರ ಒಪ್ಪಂದ ಮಾಡಿಕೊಂಡರಲ್ಲ, ಕತೆ ಅಲ್ಲಿಂದ ಶುರು. ಇಸ್ತಾಂಬುಲ್‌ನ ಗಲಾಟಾ ಅನ್ನುವ ಬಡಾವಣೆಯಲ್ಲಿ ಒಬ್ಬ ಫ್ರೆಂಚ್ ಬಟ್ಟೆ ವ್ಯಾಪಾರಿ. ಅವನ ಅರ್ಮೇನಿಯನ್ ಗುಮಾಸ್ತನ ಕೊಲೆಯಾಗುತ್ತದೆ. ಶುಕ್ರವಾರ ರಾತ್ರಿ ಮೂರು ಗಂಟೆಗೆ ಜಗಳದ ಸದ್ದು ಕೇಳಿತು ಅಂತ ಕಾಫಿ ಅಂಗಡಿಯವನು ಹೇಳುತ್ತಾನೆ. ಆದರೆ ಶುಕ್ರವಾರ ಮಧ್ಯಾಹ್ನದಿಂದ ಶನಿವಾರ ಬೆಳಗಿನವರೆಗೆ ವ್ಯಾಪಾರಿ ಹಡಗಿನಲ್ಲಿದ್ದ, ಅದಕ್ಕೆ ನಾಲ್ಕು ಜನ ಸಾಕ್ಷಿ. ಹೆಣ ಶನಿವಾರ ಪಕ್ಕದ ಓಣಿಯಲ್ಲಿ ಸಿಗುತ್ತದೆ. ಯಾಕೆ ಪಕ್ಕದ ಓಣಿ ಅಂತ ಕೇಳಬೇಡಿ, ಬರೆಯುವಾಗ ಹಾಗೇ ಬಂತು.

ಹನ್ನೆರಡು ಅಧ್ಯಾಯ ಮುಗಿಸಿ ಅಕ್ಕನಿಗೆ ಕೊಟ್ಟೆ. ಓದಿ ಒಂದೇ ಮಾತು ಕೇಳಿದಳು: ರಾತ್ರಿ ಮೂರಕ್ಕೆ ಕಾಫಿ ಅಂಗಡಿ ಯಾಕೆ ತೆಗೆದಿತ್ತೋ? ಉತ್ತರ ಇಲ್ಲ. ಇನ್ನೊಂದು, ತನಿಖೆ ಯಾರ ಕೈಗೆ ಕೊಡಬೇಕು? ಸದ್ಯಕ್ಕೆ ಸುಮ್ನೆ ಇನ್‌ಸ್ಪೆಕ್ಟರ್ ಅಂತ ಹಾಕಿದ್ದೇನೆ.

ಗದಗಿನ ಗಡಿಯಾರದವ:
ಅಂಗಡಿಯವನು ಹೇಳಿದ್ದು ಸರಿ ಇದೆ, ತಪ್ಪು ನಿಮ್ಮದು. ನಾನು ಗಡಿಯಾರ ರಿಪೇರಿ ಮಾಡುವವನು, ಈ ವಿಷಯ ಬಂದರೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ. ಅಲ್ಲಿ ಸೂರ್ಯ ಮುಳುಗಿದಾಗ ಹನ್ನೆರಡು. ಅಲ್ಲಿಂದ ಒಂದು, ಎರಡು, ಮೂರು ಅಂತ ಎಣಿಕೆ. ಸೂರ್ಯ ದಿನಾ ಒಂದೇ ಹೊತ್ತಿಗೆ ಮುಳುಗುವುದಿಲ್ಲ, ಹಾಗಾಗಿ ಗಡಿಯಾರವನ್ನು ಮತ್ತೆ ಮತ್ತೆ ತಿದ್ದಿ ಇಡಬೇಕು. ಇದಕ್ಕೆ ಅಲಾತುರ್ಕ ಅನ್ನುತ್ತಿದ್ದರು, ಯುರೋಪಿನವರ ಲೆಕ್ಕ ಅಲಾಫ್ರಾಂಗ. ಡಿಸೆಂಬರ್‌ನಲ್ಲಿ ಇಸ್ತಾಂಬುಲ್‌ನಲ್ಲಿ ನಾಲ್ಕೂವರೆ ದಾಟುತ್ತಲೇ ಸೂರ್ಯ ಮುಳುಗಿಬಿಡುತ್ತಾನೆ. ಅಂದರೆ ರಾತ್ರಿ ಮೂರು ಅಂದರೆ ನಮ್ಮ ಏಳೂವರೆ ಸುಮಾರು, ಅಂಗಡಿಯಲ್ಲಿ ಜನ ಇರುವ ಹೊತ್ತು. ಅದೇ ಜೂನ್ ಆಗಿದ್ದರೆ ಹತ್ತೂವರೆ ಆಗುತ್ತಿತ್ತು.

ನಮ್ಮಲ್ಲೂ ಸೂರ್ಯ ಹುಟ್ಟಿದಾಗಿಂದ ಘಳಿಗೆ ಎಣಿಸುತ್ತಿದ್ದರಲ್ಲ, ದಿನಕ್ಕೆ 60 ಘಳಿಗೆ, ಒಂದೊಂದು 24 ನಿಮಿಷ. ನಾವು ಹುಟ್ಟುವ ಸೂರ್ಯನನ್ನು ಹಿಡಿದೆವು, ಅವರು ಮುಳುಗುವವನನ್ನು. ಟರ್ಕಿಯಲ್ಲಿ ಆ ಲೆಕ್ಕ ಅಧಿಕೃತವಾಗಿ ಹೋಗಿದ್ದು 1926ರಲ್ಲಿ.

ದುರ್ಗದಬೈಲ್ ಚಹಾ:
ಗಡಿಯಾರದ ಅಣ್ಣಾರು ಅರ್ಧ ಹೇಳಿದರು. ಮುಸ್ಲಿಮರ ಲೆಕ್ಕದಲ್ಲಿ ತಾರೀಖೂ ಸಂಜೆಗೇ ಬದಲಾಗುತ್ತದೆ. ಹುಬ್ಬಳ್ಳಿಯ ನಮ್ಮ ಮನೆಯಲ್ಲಿ ಗುರುವಾರಕ್ಕೆ ಜುಮೇರಾತ್ ಅನ್ನುತ್ತೇವೆ. ಬಿಡಿಸಿದರೆ ಏನಾಯ್ತು, ಶುಕ್ರವಾರದ ರಾತ್ರಿ! ಮುಳುಗುವ ಸೂರ್ಯನ ಜೊತೆ ಗುರುವಾರ ಮುಗಿಯಿತು, ಆಮೇಲೆ ಶುಕ್ರವಾರ. ನಿಮ್ಮ ಅಂಗಡಿಯವನು ಮುಸ್ಲಿಂ ಆಗಿದ್ದರೆ ಅವನ ಶುಕ್ರವಾರ ರಾತ್ರಿ ಅಂದರೆ ನಿಮ್ಮ ಗುರುವಾರ ರಾತ್ರಿ. ಸಾಕ್ಷಿಗಳು ಯಾವ ಶುಕ್ರವಾರದ ಮಾತಾಡುತ್ತಿದ್ದಾರೆ, ಒಮ್ಮೆ ನೋಡಿ.

ಹಾವೇರಿ ವಕೀಲ:
ಇನ್‌ಸ್ಪೆಕ್ಟರನನ್ನು ಮೊದಲು ತೆಗೆಯಿರಿ. ಊರು ಕಾಯುತ್ತಿದ್ದ ಜಾನಿಸರಿ ಸೈನಿಕರನ್ನು ಸುಲ್ತಾನ ಎರಡನೇ ಮಹಮೂದ್ 1826ರಲ್ಲೇ ಮುಗಿಸಿಬಿಟ್ಟ. ಪೊಲೀಸ್ ಇಲಾಖೆ ಅಂತ ಆಗಿದ್ದು 1845ಕ್ಕೆ. ನಿಮ್ಮ ಕತೆ ನಡುವೆ ಸಿಕ್ಕಿಕೊಂಡಿದೆ, ಅದೇ ಅದರ ಚಂದ. ನ್ಯಾಯ ಹೇಳುವವನು ಕಾಜಿ. ಆದರೆ ಫ್ರೆಂಚ್ ವ್ಯಾಪಾರಿಯನ್ನು ಸೀದಾ ಎಳೆದು ತರಲು ಬರುವುದಿಲ್ಲ, ವಿಚಾರಣೆಗೆ ಅವರ ರಾಯಭಾರ ಕಚೇರಿಯ ದುಭಾಷಿ ಹಾಜರಿರಬೇಕು. ನಾನಾಗಿದ್ದರೆ ಆ ದುಭಾಷಿಯನ್ನೇ ಪತ್ತೇದಾರ ಮಾಡುತ್ತಿದ್ದೆ. ಅವನಿಗೆ ಎರಡೂ ಭಾಷೆ ಗೊತ್ತು, ಎರಡೂ ಗಡಿಯಾರ ಗೊತ್ತು.

ಇನ್ನು ಆ ಪಕ್ಕದ ಓಣಿ. ಕೊಂದವನು ಯಾರೆಂದು ತಿಳಿಯದೆ ಒಂದು ಓಣಿಯಲ್ಲಿ ಹೆಣ ಸಿಕ್ಕರೆ, ಅವರ ಕಾನೂನಿನಲ್ಲಿ ಆ ಓಣಿಯವರು ನಾವು ಕೊಂದಿಲ್ಲ, ಕೊಂದವನು ಗೊತ್ತಿಲ್ಲ ಅಂತ 50 ಸಲ ಆಣೆ ಮಾಡಬೇಕು. ಮಾಡಿದ ಮೇಲೂ ಸತ್ತವನ ಮನೆಯವರಿಗೆ ದುಡ್ಡು ಕಟ್ಟಬೇಕು. ಹೆಣವನ್ನು ರಾತ್ರೋರಾತ್ರಿ ಪಕ್ಕದವರ ಬಾಗಿಲಿಗೆ ಸಾಗಿಸಲು ಇಷ್ಟು ಸಾಲದೇ? ನಮ್ಮ ಕಡೆ ಹೊಲದ ಬದುವಿನ ಮೇಲೆ ಹೆಣ ಬಿದ್ದರೆ ಯಾವ ಠಾಣೆಯ ಸರಹದ್ದು ಅಂತ ಜಗಳ ಆಗುತ್ತದಲ್ಲ, ಹಾಗೆ. ಹೊತ್ತೊಯ್ಯುವಾಗ ಕೈಯಲ್ಲಿ ಕಂದೀಲು ಇರಲಿ, ಕಂದೀಲಿಲ್ಲದೆ ರಾತ್ರಿ ಓಡಾಡಿದರೆ ಕಾವಲಿನವರು ಹಿಡಿಯುತ್ತಿದ್ದರು.

ಬರೀ ಓದುಗ:
ಇಸ್ತಾಂಬುಲ್‌ವರೆಗೆ ಯಾಕೆ ಹೋಗಬೇಕು? ಬಿಜಾಪುರದ ಮಲಿಕ್ ಎ ಮೈದಾನ್ ತೋಪು ಎರಕ ಹೊಯ್ದವನು ಮಹಮ್ಮದ್ ಬಿನ್ ಹುಸೇನ್ ರೂಮಿ, 1549ರಲ್ಲಿ, ಅಹಮದ್‌ನಗರದಲ್ಲಿ. ಆಟೊಮನ್ ಸೀಮೆಯವರನ್ನು ಆಗ ರೂಮಿ ಅನ್ನುತ್ತಿದ್ದರು. ಅವನ ಮೇಲೆ ಬರೆಯಿರಿ, ಬಸ್‌ಚಾರ್ಜ್ ಉಳಿಯುತ್ತದೆ.

ಸಾಧನಕೇರಿ ಹುಡುಗ:
ತೋಪು ಮುಂದಿನ ಕಾದಂಬರಿಗೆ. ವಕೀಲರೇ, ಚಹಾದವರೇ, ನಿಮ್ಮಿಬ್ಬರದನ್ನೂ ಜೋಡಿಸಿ ನೋಡಿದೆ, ನಿದ್ದೆ ಹೋಯಿತು. ಕೊಲೆ ಆಗಿದ್ದು ಗುರುವಾರ ಸಂಜೆ ಏಳೂವರೆಗೆ. ಶುಕ್ರವಾರ ಇಡೀ ದಿನ ಓಣಿಯವರು ಹೆಣ ಮುಚ್ಚಿಟ್ಟು, ರಾತ್ರಿ ಪಕ್ಕದ ಓಣಿಗೆ ಸಾಗಿಸಿದರು. ಹಡಗಿನ ನಾಲ್ಕೂ ಸಾಕ್ಷಿಗಳು ಹೇಳುವುದು ನಿಜ, ಆದರೆ ಬೇರೆ ರಾತ್ರಿಯದ್ದು. ಅಂದರೆ ಕೊಂದವನು ವ್ಯಾಪಾರಿಯೇ! ನಾನು ಪಾಪ ಒಬ್ಬ ಅಂಬಿಗನನ್ನು ಗಲ್ಲಿಗೇರಿಸಿಬಿಟ್ಟಿದ್ದೆ. ಈಗ ಹನ್ನೊಂದನೇ ಅಧ್ಯಾಯದಿಂದ ಅವನನ್ನು ಇಳಿಸಬೇಕು.