ಸೊಂಟ ನೋವಿಗೆ ಕೊಟ್ಟ ಐದು ದಿನದ ಮಾತ್ರೆಯನ್ನು ಅವ್ವನಿಗೂ ಕೊಡಬಹುದಾ?

ಚಿನಕುರಳಿ ಹುಡುಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನಗೆ 38 ವರ್ಷ. ಊರು ಪಾಂಡವಪುರ ತಾಲ್ಲೂಕು, ಕೆಲಸ ಮೈಸೂರಿನ ಹೆಬ್ಬಾಳದ ಒಂದು ಕಾರ್ಖಾನೆಯಲ್ಲಿ. ಹೋದ ಭಾನುವಾರ ಊರಿನಲ್ಲಿ ಯೂರಿಯಾ ಮೂಟೆ ಎತ್ತಲು ಹೋಗಿ ಸೊಂಟ ಹಿಡಿದುಕೊಂಡಿತು. ಬಗ್ಗಿದವನಿಗೆ ಏಳೋಕೇ ಆಗಲಿಲ್ಲ.

ಸೋಮವಾರ ಡಾಕ್ಟರಿಗೆ ತೋರಿಸಿದೆ. ಮಲಗಿಸಿ, ಕಾಲು ಎತ್ತಿಸಿ ನೋಡಿ "ನರಕ್ಕೇನೂ ಆಗಿಲ್ಲ, ಮಾಂಸ ಹಿಡಿದಿದೆ" ಅಂದರು. ಅಸೆಕ್ಲೋಫೆನಾಕ್ 100, ಪ್ಯಾರಾಸಿಟಮಾಲ್ 325 ಎರಡೂ ಸೇರಿರುವ ಮಾತ್ರೆ, ಬೆಳಿಗ್ಗೆ ಒಂದು ರಾತ್ರಿ ಒಂದು, ಐದು ದಿನ. ಜೊತೆಗೆ ಬೆಳಿಗ್ಗೆ ತಿಂಡಿಗೆ ಮುಂಚೆ ಒಂದು ಗ್ಯಾಸ್ ಮಾತ್ರೆ.

ಎರಡು ದಿನವಾದರೂ ನೋವು ಪೂರ್ತಿ ಹೋಗಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಒಂದು ಅಂಗಡಿಯಲ್ಲಿ "ನೋವಿಗೆ ಸ್ವಲ್ಪ ಸ್ಟ್ರಾಂಗ್ ಆಗಿರೋದು ಕೊಡಿ" ಅಂದೆ. ಕತ್ತರಿಯಲ್ಲಿ ನಾಲ್ಕು ಮಾತ್ರೆ ಕತ್ತರಿಸಿ ಕೊಟ್ಟರು. ಹೆಸರು ಇದ್ದ ಭಾಗ ಅಂಗಡಿಯಲ್ಲೇ ಉಳಿಯಿತು. ನನ್ನ ತುಂಡಿನ ಹಿಂದೆ "ಫೆನಾಕ್ ಸೋಡಿಯಂ 50" ಅಂತ ಅಷ್ಟೇ ಕಾಣುತ್ತೆ. ನಿನ್ನೆ ಡಾಕ್ಟರು ಕೊಟ್ಟಿದ್ದರ ಜೊತೆ ಇದನ್ನೂ ಎರಡು ಸಲ ತಗೊಂಡೆ. ಎದೆ ಕೆಳಗೆ ಉರಿ ಶುರುವಾಗಿದೆ.

ಇನ್ನೊಂದು ವಿಷಯ ಅವ್ವನದು. 66 ವರ್ಷ. ಜೀವನಪೂರ್ತಿ ನಾಟಿ, ಕಳೆ ಅಂತ ಗದ್ದೆಯಲ್ಲೇ ಬಗ್ಗಿದವಳು. ಎರಡೂ ಮಂಡಿ ನೋವು. ನನ್ನ ಮಾತ್ರೆಯಲ್ಲಿ ಒಂದು ಈಸ್ಕೊಂಡು ನುಂಗಿ, ಬೆಳಿಗ್ಗೆ ಎದ್ದು "ಎಷ್ಟು ವರ್ಷ ಆಗಿತ್ತಪ್ಪ ಹಿಂಗೆ ನಿದ್ದೆ ಮಾಡಿ" ಅಂದಳು. ಈಗ ಮೈಸೂರಿನಿಂದ ಎರಡು ಹಾಳೆ ತಂದುಕೊಡು ಅಂತಿದ್ದಾಳೆ. ಅವಳಿಗೆ ಬಿ.ಪಿ., ಶುಗರ್ ಎರಡೂ ಇದೆ. ಬಿ.ಪಿ.ಗೆ ಟೆಲ್ಮಿಸಾರ್ಟನ್ 40, ಹೈಡ್ರೋಕ್ಲೋರೋಥಯಾಜೈಡ್ 12.5 ಸೇರಿರುವ ಮಾತ್ರೆ. ಶುಗರ್‌ಗೆ ಮೆಟ್‌ಫಾರ್ಮಿನ್. ತಂದುಕೊಡಲಾ? ಅವಳ ಮುಖ ನೋಡಿದರೆ ಇಲ್ಲ ಅನ್ನೋಕೆ ಮನಸ್ಸಾಗಲ್ಲ.

ಮದ್ದೂರು ಟೀಚರ್:

ಅಣ್ಣ, ನಮ್ಮ ಅತ್ತೆಗೂ ಇದೇ ಮಂಡಿ ನೋವು. ಮಾತ್ರೆ ಹೊಟ್ಟೆಗೆ ಆಗಲ್ಲ ಅಂತ ನಾವು ಹದಿನೈದು ದಿನಕ್ಕೊಮ್ಮೆ ಸೂಜಿ ಹಾಕಿಸುತ್ತೇವೆ. ಅದು ಹೊಟ್ಟೆಗೆ ಹೋಗಲ್ಲ ಅಲ್ವಾ, ಸೊಂಟಕ್ಕೆ ಚುಚ್ಚೋದು. ನಿಮ್ಮ ಅವ್ವನಿಗೂ ಅದೇ ಒಳ್ಳೆಯದು ಅನ್ನಿಸುತ್ತೆ. ತಿಳಿದವರು ಹೇಳಲಿ.

ಮಂಡ್ಯ ಮೆಡಿಕಲ್ಸ್ ಕೌಂಟರ್:

ತಮ್ಮಾ, ಮೊದಲು ಆ ಕತ್ತರಿಸಿದ ತುಂಡು ಪಕ್ಕಕ್ಕಿಡಿ. ಅದರಲ್ಲಿ ಇನ್ನೊಂದು ಮಾತ್ರೆಯೂ ತಗೋಬೇಡಿ.

ನಾನು ಮಂಡ್ಯದಲ್ಲಿ 24 ವರ್ಷದಿಂದ ಔಷಧಿ ಅಂಗಡಿ ಕೌಂಟರಿನಲ್ಲಿ ನಿಂತವನು. ನೀವು ಬರೆದ ಅರ್ಧ ಹೆಸರು ಸಾಕು. ಅದು ಡೈಕ್ಲೋಫೆನಾಕ್ ಸೋಡಿಯಂ. ಡಾಕ್ಟರು ಕೊಟ್ಟ ಅಸೆಕ್ಲೋಫೆನಾಕ್‌ಗೂ ಅದಕ್ಕೂ ಅಣ್ಣ ತಮ್ಮನ ಸಂಬಂಧ. ಐಬುಪ್ರೊಫೆನ್, ನ್ಯಾಪ್ರಾಕ್ಸೆನ್, ಎಟೋರಿಕಾಕ್ಸಿಬ್, ಮೆಫೆನಾಮಿಕ್ ಆಸಿಡ್, ಎಲ್ಲವೂ ಅದೇ ಮನೆಯವು. ಈ ಮನೆಯಿಂದ ಒಂದು ಸಲಕ್ಕೆ ಒಬ್ಬರನ್ನು ಮಾತ್ರ ಕರೆಯಬೇಕು. ಇಬ್ಬರು ಬಂದರೆ ನೋವು ಇಮ್ಮಡಿ ಕಡಿಮೆಯಾಗಲ್ಲ, ಹೊಟ್ಟೆಗೂ ಕಿಡ್ನಿಗೂ ಬೀಳುವ ಪೆಟ್ಟು ಜಾಸ್ತಿಯಾಗುತ್ತೆ. ನಿಮ್ಮ ಎದೆ ಉರಿ ಬಂದಿದ್ದು ಇದರಿಂದಲೇ ಇರಬಹುದು. ಇವತ್ತೇ ಡಾಕ್ಟರಿಗೆ ಫೋನ್ ಮಾಡಿ ಎರಡೂ ಸೇರಿಸಿ ತಗೊಂಡೆ ಅಂತ ಮುಚ್ಚುಮರೆ ಇಲ್ಲದೆ ಹೇಳಿ. ಅವರು ಬರೆದ ಮಾತ್ರೆ ಮುಂದುವರಿಸಬೇಕಾ, ಬಿಡಬೇಕಾ ಅಂತ ಅವರೇ ಹೇಳಲಿ.

ಪ್ಯಾರಾಸಿಟಮಾಲ್ ಬೇರೆ ಜಾತಿ. ಅದು ಊತ ಇಳಿಸಲ್ಲ, ಆದರೆ ಹೊಟ್ಟೆಗೆ ಹೀಗೆ ಹುಣ್ಣು ಮಾಡಲ್ಲ. ನಿಮ್ಮ ಮಾತ್ರೆಯಲ್ಲೇ 325 ಇದೆ, ಹಾಗಾಗಿ ಅದರ ಮೇಲೆ ಡೋಲೋ 650 (ಅದೂ ಪ್ಯಾರಾಸಿಟಮಾಲೇ) ತಗೊಂಡರೆ ಇದನ್ನೂ ಲೆಕ್ಕಕ್ಕೆ ಸೇರಿಸಬೇಕು. ದೊಡ್ಡವರಿಗೆ ದಿನಕ್ಕೆ ಒಟ್ಟು 4 ಗ್ರಾಂ ದಾಟಬಾರದು. ತೂಕ ಕಡಿಮೆ ಇರುವವರಿಗೆ, ಕುಡಿಯುವ ಅಭ್ಯಾಸ ಇರುವವರಿಗೆ ಇನ್ನೂ ಕಡಿಮೆ.

ಈಗ ಟೀಚರ್ ಹೇಳಿದ ಸೂಜಿ ವಿಚಾರ. ಮೇಡಂ, ದಯವಿಟ್ಟು ಬೇಜಾರು ಮಾಡ್ಕೋಬೇಡಿ. ದಿನಕ್ಕೆ ಹತ್ತು ಜನ ನನಗೆ ಇದನ್ನೇ ಹೇಳುತ್ತಾರೆ. ಮಾತ್ರೆ ಹೊಟ್ಟೆಯನ್ನು ಬರೀ ಮುಟ್ಟಿ ಸುಡುವುದಲ್ಲ. ನೋವು, ಊತ ತರಲು ನಮ್ಮ ದೇಹ ಪ್ರೋಸ್ಟಾಗ್ಲಾಂಡಿನ್ ಅನ್ನುವ ವಸ್ತು ಮಾಡುತ್ತೆ. ಈ ಔಷಧಿ ಅದನ್ನು ಮಾಡಲು ಬಿಡಲ್ಲ, ನೋವು ಇಳಿಯುತ್ತೆ. ಆದರೆ ಅದೇ ವಸ್ತು ಹೊಟ್ಟೆಯ ಒಳಗೋಡೆಗೆ ಲೋಳೆ ಬಳಿದು ಕಾಯುತ್ತಿರುತ್ತೆ. ಕಿಡ್ನಿಗೆ ಹೋಗುವ ರಕ್ತದ ದಾರಿಯನ್ನೂ ತೆರೆದಿಡುತ್ತೆ. ಔಷಧಿ ರಕ್ತಕ್ಕೆ ಸೇರಿದ ಮೇಲೆ ಅದು ಬಾಯಿಂದ ಬಂತೋ ಸೊಂಟದಿಂದ ಬಂತೋ ವ್ಯತ್ಯಾಸ ಇಲ್ಲ. ಸೂಜಿಯಿಂದಲೂ ಹೊಟ್ಟೆಯಲ್ಲಿ ಹುಣ್ಣಾಗುತ್ತೆ. ಊಟ ಮಾಡಿ ನುಂಗಿದರೆ ಉರಿ ಸ್ವಲ್ಪ ಕಡಿಮೆ, ನಿಜ. ಗ್ಯಾಸ್ ಮಾತ್ರೆ ಹೊಟ್ಟೆಯನ್ನು ಚೆನ್ನಾಗಿ ಕಾಯುತ್ತೆ, ಅದೂ ನಿಜ. ಆದರೆ ಕಿಡ್ನಿಯನ್ನು ಅದು ಕಾಯಲ್ಲ.

ತಮ್ಮಾ, ನಿಮ್ಮ ಅವ್ವನ ವಿಷಯದಲ್ಲಿ ನನಗೆ ಭಯ ಇಲ್ಲೇ ಇರೋದು. ಅವರ ಬಿ.ಪಿ. ಮಾತ್ರೆಯಲ್ಲಿ ಎರಡು ಔಷಧಿ ಇದೆ. ಟೆಲ್ಮಿಸಾರ್ಟನ್ ಕಿಡ್ನಿಯೊಳಗಿನ ಒತ್ತಡ ಇಳಿಸುತ್ತೆ. ಇನ್ನೊಂದು ಮೂತ್ರ ಜಾಸ್ತಿ ಮಾಡಿಸಿ ಮೈಯಿಂದ ನೀರು ತೆಗೆಯುತ್ತೆ. ಬಿ.ಪಿ.ಗೆ ಎರಡೂ ಒಳ್ಳೆಯ ಔಷಧಿಗಳೇ. ಅವುಗಳ ಮೇಲೆ ನೋವಿನ ಮಾತ್ರೆಯೂ ಸೇರಿದರೆ ಕಿಡ್ನಿಗೆ ಹೋಗುವ ರಕ್ತ ಕಡಿಮೆಯಾಗುತ್ತೆ. ಅಂಥ ದಿನ ಬಿಸಿಲಿನಲ್ಲಿ ಗದ್ದೆಗೆ ಹೋಗಿ ನೀರು ಕುಡಿಯದೆ ಬಂದರೆ, ಇಲ್ಲ ವಾಂತಿ ಭೇದಿ ಆದರೆ, ಕಿಡ್ನಿ ಕೆಲಸ ನಿಲ್ಲಿಸಿಬಿಡಬಹುದು. ಶುಗರ್ ಇರುವವರ ಕಿಡ್ನಿ ಮೊದಲೇ ಸೊರಗಿರಬಹುದು. ಜೊತೆಗೆ ನೋವಿನ ಮಾತ್ರೆ ಬಿ.ಪಿ. ಏರಿಸುತ್ತೆ, ಬಿ.ಪಿ. ಮಾತ್ರೆಯ ಬಲ ಕಡಿಮೆ ಮಾಡುತ್ತೆ. ಆ ಎರಡು ಹಾಳೆ ತಗೊಂಡು ಹೋಗಬೇಡಿ. ಹಾಗಂತ ಬಿ.ಪಿ. ಮಾತ್ರೆ ಬಿಡಿಸಲೂ ಬೇಡಿ. ಒಂದು ಸೀರಮ್ ಕ್ರಿಯಾಟಿನಿನ್ ಪರೀಕ್ಷೆ (ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತ ಪರೀಕ್ಷೆ) ಮಾಡಿಸಿ, ಡಾಕ್ಟರಿಗೆ ಮಂಡಿ ತೋರಿಸಿ.

ಕಿಡ್ನಿ ಹೋಗೋದು ರಣಹದ್ದುಗಳ ವಿಷಯದಲ್ಲೂ ಆಗಿದೆ, ನೋಡಿ. ಬೆಂಗಳೂರಿಗೆ ಹೋಗುವಾಗ ರಾಮನಗರದಲ್ಲಿ ರಾಮದೇವರ ಬೆಟ್ಟ ಕಾಣುತ್ತಲ್ಲ, ಅಲ್ಲಿ ರಣಹದ್ದು ಧಾಮ ಇದೆ. ದೇಶದಲ್ಲಿ ರಣಹದ್ದುಗಳು ಕುಲವೇ ಅಳಿಯುವಷ್ಟು ಸತ್ತಿದ್ದು ಇದೇ ಡೈಕ್ಲೋಫೆನಾಕ್‌ನಿಂದ. ನೋವಿಗೆ ಅಂತ ದನಕ್ಕೆ ಚುಚ್ಚುತ್ತಿದ್ದರು. ದನ ಸತ್ತ ಮೇಲೆ ಹದ್ದು ಅದನ್ನು ತಿಂದು, ಕಿಡ್ನಿ ಹೋಗಿ ಸಾಯುತ್ತಿತ್ತು. 2006ರಲ್ಲಿ ದನಗಳಿಗೆ ಅದನ್ನು ಕೊಡದಂತೆ ನಿಷೇಧ ಬಂತು. ದನದ ಮೈಯಲ್ಲಿ ಅಸೆಕ್ಲೋಫೆನಾಕ್ ಡೈಕ್ಲೋಫೆನಾಕ್ ಆಗಿ ಬದಲಾಗುತ್ತೆ, ಅದಕ್ಕೆ 2023ರಲ್ಲಿ ಅದನ್ನೂ ನಿಲ್ಲಿಸಿದರು. ಮನುಷ್ಯನ ಕಿಡ್ನಿ ಹದ್ದಿನದಕ್ಕಿಂತ ಎಷ್ಟೋ ಗಟ್ಟಿ. ಆದರೂ ಮಾತ್ರೆಯನ್ನು ಕಡಲೆಕಾಯಿ ಥರ ಕೇಳುವವರನ್ನು ಕಂಡಾಗ ನನಗೆ ಆ ಬೆಟ್ಟ ನೆನಪಾಗುತ್ತೆ.

ನಾನು ಇಷ್ಟು ಉದ್ದ ಬರೆಯುತ್ತಿರುವುದಕ್ಕೆ ಕಾರಣ ನಮ್ಮಪ್ಪ. ಮಳವಳ್ಳಿ ಕಡೆ ನಮ್ಮೂರು. ಅಪ್ಪನಿಗೆ ಕಬ್ಬು ಕಡಿದು ಭುಜ ನೋವು. ನನಗೆ ಹೇಳದೆ ಊರ ಹತ್ತಿರದ ಒಂದು ಅಂಗಡಿಯಲ್ಲಿ ದಿನಾ ಎರಡು ಮಾತ್ರೆ ತಗೊಳ್ಳುತ್ತಿದ್ದರು. ಮೂರು ತಿಂಗಳು. ಯಾರೂ ಚೀಟಿ ಕೇಳಲಿಲ್ಲ. ಈ ಮಾತ್ರೆಗಳ ಹಾಳೆ ಮೇಲೆ ಕೆಂಪು ಗೆರೆ, ಆರ್‌ಎಕ್ಸ್ ಗುರುತು ಇರುತ್ತೆ, ಚೀಟಿ ಇಲ್ಲದೆ ಕೊಡಬಾರದು ಅಂತ ಅದರ ಅರ್ಥ. ಅಪ್ಪನಿಗೆ ಮಲ ಕಪ್ಪಗೆ ಹೋಗುತ್ತಿತ್ತು. ಸೊಪ್ಪಿನ ಸಾರು, ರಾಗಿ ಮುದ್ದೆ ತಿಂತೀನಲ್ಲ ಅದಕ್ಕೇ ಅಂದುಕೊಂಡಿದ್ದರು. ಒಂದು ದಿನ ಬಾವಿಕಟ್ಟೆ ಹತ್ತಿರ ಕಣ್ಣು ಕತ್ತಲೆ ಬಂದು ಬಿದ್ದರು. ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಹಿಮೋಗ್ಲೋಬಿನ್ 6. ಅಂಗೈ ಬಿಳಿ ಕಾಗದದ ಹಾಗಿತ್ತು. ಹೊಟ್ಟೆಯೊಳಗೆ ಹುಣ್ಣಾಗಿ ರಕ್ತ ಸೋರುತ್ತಿತ್ತು. ಮೂರು ಬಾಟ್ಲು ರಕ್ತ ಕೊಟ್ಟರು. ಬದುಕಿದರು. ಒಂದು ದಿನವೂ ಹೊಟ್ಟೆ ನೋವು ಅಂದಿರಲಿಲ್ಲ ಅವರು. ಅದನ್ನು ನೆನಪಿಡಿ, ನೋವೇ ಇಲ್ಲದೆ ರಕ್ತ ಹೋಗಬಹುದು. ಮಲ ಡಾಂಬರಿನ ಥರ ಕಪ್ಪಗೆ ಅಂಟಂಟಾಗಿದ್ದರೆ, ವಾಂತಿ ಕಾಫಿ ಪುಡಿ ಚರಟದ ಥರ ಇದ್ದರೆ, ಬೆಳಗಾಗಲಿ ಅಂತ ಕಾಯಬೇಡಿ.

ನಿಮ್ಮ ಸೊಂಟದ ಬಗ್ಗೆ: ಕಾಲು ಜೋಮು ಹಿಡಿದರೆ, ಬಲ ಕಡಿಮೆಯಾದರೆ, ಮೂತ್ರ ಮಲ ಹಿಡಿತ ತಪ್ಪಿದರೆ ತಕ್ಷಣ ಆಸ್ಪತ್ರೆಗೆ ಹೋಗಿ. ಅದೇನೂ ಇಲ್ಲ ಅಂದರೆ ಇಂಥ ನೋವು ಇಳಿಯಲು ಒಂದೆರಡು ವಾರ ಬೇಕು. ಎರಡು ದಿನಕ್ಕೆ ಮಾಯ ಮಾಡೋದು ಮಾತ್ರೆಯ ಕೆಲಸ ಅಲ್ಲ. ನೀವು ಎದ್ದು ಓಡಾಡುವಷ್ಟು ನೋವು ತಗ್ಗಿಸಿದರೆ ಅದರ ಕೆಲಸ ಆಯಿತು. ಮಲಗೇ ಇರಬೇಡಿ. ನೋವು ತಡೆಯುವಷ್ಟಾದ ದಿನ ಮಾತ್ರೆ ನಿಲ್ಲಿಸಿ. ಐದು ದಿನಕ್ಕೆ ಬರೆದಿದ್ದಾರೆ ಅಂತ ಐದೂ ದಿನ ಮುಗಿಸಲೇಬೇಕಾಗಿಲ್ಲ, ಇದು ಆಂಟಿಬಯಾಟಿಕ್ ಅಲ್ಲ.

ಕುವೆಂಪುನಗರ ಸಿಸ್ಟರ್:

ಮೇಲಿನ ಅಣ್ಣ ಹೇಳಿದ್ದು ಸರಿಯಾಗಿದೆ. ನಾನು ವಾರ್ಡಿನಲ್ಲಿ ಕೆಲಸ ಮಾಡುವವಳು, ಒಂದು ಮಾತು ಸೇರಿಸುತ್ತೇನೆ. ಮಳೆಗಾಲ ಶುರುವಾಗಿದೆ. ಜ್ವರ, ಮೈ ಕೈ ನೋವು ಬಂದರೆ ಮನೆಯಲ್ಲಿ ಉಳಿದಿರುವ ಈ ಮಾತ್ರೆ ತಗೋಬೇಡಿ. ಡೆಂಗಿ ಇದ್ದರೆ ಪ್ಲೇಟ್‌ಲೆಟ್ ಇಳಿದಿರುತ್ತೆ, ಈ ಮಾತ್ರೆ ರಕ್ತಸ್ರಾವದ ಅಪಾಯ ಜಾಸ್ತಿ ಮಾಡುತ್ತೆ. ಡೆಂಗಿ ಅಲ್ಲ ಅಂತ ಗೊತ್ತಾಗುವವರೆಗೂ ಬರೀ ಪ್ಯಾರಾಸಿಟಮಾಲ್, ಚೆನ್ನಾಗಿ ನೀರು.

ಬಸುರಿಯರು ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು, ಅದರಲ್ಲೂ ಐದು ತಿಂಗಳ ಮೇಲೆ. ಉಬ್ಬಸ ಇರುವವರು, ಹಾರ್ಟಿಗೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಕೂಡ ಹಾಗೇ.

ಟೀಚರ್ ಮೇಡಂ, ನಿಮ್ಮ ಅತ್ತೆಗೂ ಒಂದು ಸಲ ಕ್ರಿಯಾಟಿನಿನ್ ಮಾಡಿಸಿ.

ಮದ್ದೂರು ಟೀಚರ್:

ನಾಳೆಯೇ ಮಾಡಿಸುತ್ತೇನೆ ಸಿಸ್ಟರ್. ಒಳ್ಳೆಯದು ಅಂದುಕೊಂಡೇ ಹಾಕಿಸುತ್ತಿದ್ದೆವು.

ಚಿನಕುರಳಿ ಹುಡುಗ (ಒಂಬತ್ತು ದಿನದ ಮೇಲೆ):

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅವತ್ತೇ ಡಾಕ್ಟರಿಗೆ ಫೋನ್ ಮಾಡಿದೆ. ಎರಡೂ ನಿಲ್ಲಿಸಿ, ಬರೀ ಪ್ಯಾರಾಸಿಟಮಾಲ್ ತಗೊಂಡು ಗ್ಯಾಸ್ ಮಾತ್ರೆ ಇನ್ನೊಂದು ವಾರ ಮುಂದುವರಿಸಿ ಅಂದರು. ಎದೆ ಉರಿ ಹೋಯಿತು. ಸೊಂಟ ಈಗ ಪರವಾಗಿಲ್ಲ, ಬೆಳಿಗ್ಗೆ ಹೊತ್ತು ಸ್ವಲ್ಪ ಹಿಡಿಯುತ್ತೆ.

ಅವ್ವನ ಕ್ರಿಯಾಟಿನಿನ್ 1.6 ಬಂತು, ಇರಬೇಕಾದ್ದಕ್ಕಿಂತ ಜಾಸ್ತಿ. ಡಾಕ್ಟರು "ಇವರು ಮೊದಲಿಂದ ನೋವಿನ ಮಾತ್ರೆ ತಗೊಳ್ಳುತ್ತಿದ್ದಾರಾ" ಅಂದರು. ನಾನು ಇಲ್ಲ ಅಂದೆ. ಅವ್ವ ಸುಮ್ಮನಿದ್ದಳು. ಮನೆಗೆ ಬಂದು ಅವಳ ಎಲೆ ಅಡಿಕೆ ಚೀಲ ನೋಡಿದೆ. ಸುಣ್ಣದ ಡಬ್ಬಿ ಪಕ್ಕ ಮೂರು ತುಂಡು ಸಿಕ್ಕವು, ಎಲ್ಲಾ ಕತ್ತರಿಸಿದ್ದೇ. ಒಂದರಲ್ಲೂ ಪೂರ್ತಿ ಹೆಸರಿಲ್ಲ. ಸಂತೆಗೆ ಹೋದಾಗಲೆಲ್ಲ ತರುತ್ತಿದ್ದಳಂತೆ. "ನಿನಗೆ ಹೇಳಿದರೆ ಗದ್ದೆಗೆ ಹೋಗಬೇಡ ಅಂತೀಯ" ಅಂದಳು. ನನಗೆ ಬೈಯಲು ಬಾಯಿ ಬರಲಿಲ್ಲ.

ಆ ಮಾತ್ರೆಗಳೆಲ್ಲ ಬಂದ್. ಮೂರು ವಾರ ಬಿಟ್ಟು ಮತ್ತೆ ಕ್ರಿಯಾಟಿನಿನ್ ಮಾಡಿಸಲು ಹೇಳಿದ್ದಾರೆ. ನೋವಿಗೆ ಪ್ಯಾರಾಸಿಟಮಾಲ್ 500, ಮಂಡಿಗೆ ಹಚ್ಚಲು ಡೈಕ್ಲೋಫೆನಾಕ್ ಜೆಲ್ ಹತ್ತು ದಿನಕ್ಕೆ, ಕುರ್ಚಿ ಮೇಲೆ ಕೂತು ಕಾಲು ನೀಟಾಗಿ ಚಾಚಿ ಹತ್ತು ಎಣಿಸುವ ವ್ಯಾಯಾಮ. ಜೆಲ್‌ನಲ್ಲೂ ಅದೇ ಔಷಧಿ ಇದೆಯಲ್ಲ ಅಂತ ಭಯ ಆಗಿ ಕೇಳಿದೆ. ರಕ್ತಕ್ಕೆ ತೀರಾ ಕಡಿಮೆ ಸೇರುತ್ತೆ, ಆದರೆ ನಾನು ಹೇಳಿದ್ದಕ್ಕಿಂತ ಜಾಸ್ತಿ ದಿನ ಬೇಡ ಅಂದರು.

ಅವ್ವ ಜೆಲ್ ಹಚ್ಚಿ ಅದರ ಮೇಲೆ ಬಿಸಿನೀರಿನ ಬ್ಯಾಗ್ ಇಟ್ಟುಕೊಳ್ಳುತ್ತಾಳೆ. ಪರವಾಗಿಲ್ವಾ?

ಮಂಡ್ಯ ಮೆಡಿಕಲ್ಸ್ ಕೌಂಟರ್:

ಬೇಡ ತಮ್ಮಾ. ಶಾಖ ಕೊಟ್ಟರೆ ಚರ್ಮದಿಂದ ಔಷಧಿ ಜಾಸ್ತಿ ಒಳಗೆ ಹೋಗುತ್ತೆ. ಮೇಲೆ ಬಟ್ಟೆ ಬಿಗಿದು ಕಟ್ಟುವುದೂ ಬೇಡ. ಜೆಲ್ ಬೆಳಿಗ್ಗೆ ಹಚ್ಚಿ, ಶಾಖ ರಾತ್ರಿ ಮಲಗುವ ಮುಂಚೆ ಕೊಡಲಿ, ಅಷ್ಟು ಹೊತ್ತಿಗೆ ಮಂಡಿ ತೊಳೆದಿರಲಿ. ಹಚ್ಚಿದ ಕೈ ಸೋಪು ಹಾಕಿ ತೊಳೆದೇ ಎಲೆ ಅಡಿಕೆ ಮುಟ್ಟಲಿ. ಎರಡನೇ ರಿಪೋರ್ಟ್ ಬಂದಾಗ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.