16 ದಿನದಿಂದ ಕೆಂಪಿ ಮೊಟ್ಟೆ ಇಟ್ಟಿಲ್ಲ, ಏನು ಮಾಡಲಿ?

ಹಿತ್ತಲಮನೆ, ಮೈಸೂರು (ಡಿಸೆಂಬರ್ 7)

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲಲ್ಲಿ ಮೂರು ಹೇಂಟೆಗಳಿವೆ, ಹುಂಜ ಇಲ್ಲ. ಎರಡು ನಾಟಿ, ಒಂದು ಸ್ವರ್ಣಧಾರ. ಸ್ವರ್ಣಧಾರಕ್ಕೆ ಮಕ್ಕಳು ಕೆಂಪಿ ಅಂತ ಹೆಸರಿಟ್ಟಿದ್ದಾರೆ. ಅವಳಿಗೆ ಈಗ 14 ತಿಂಗಳು. ವಾರಕ್ಕೆ ನಾಲ್ಕು ಮೊಟ್ಟೆ ತಪ್ಪದೆ ಇಡುತ್ತಿದ್ದಳು. ನಾಟಿ ಮೊಟ್ಟೆಗಿಂತ ದೊಡ್ಡದು, ಹಾಗಾಗಿ ನೋಡಿದ ತಕ್ಷಣ ಗೊತ್ತಾಗುತ್ತದೆ. 16 ದಿನದಿಂದ ಒಂದೂ ಸಿಕ್ಕಿಲ್ಲ.

ಮೇವು ಚೆನ್ನಾಗಿ ತಿನ್ನುತ್ತಾಳೆ, ಓಡಾಡಿಕೊಂಡಿದ್ದಾಳೆ. ಲೇಯರ್ ಮ್ಯಾಶ್ (ಮೊಟ್ಟೆ ಇಡುವ ಕೋಳಿಗಳ ಪುಡಿ ಮೇವು) ಹಾಕುತ್ತೇವೆ, ಜೊತೆಗೆ ಸ್ವಲ್ಪ ಅನ್ನ, ಸೊಪ್ಪು. ಒಂದು ನಾಟಿ ಕೋಳಿ ಮೂರು ವಾರದಿಂದ ಬುಟ್ಟಿಯಲ್ಲಿ ಕಾವಿಗೆ ಕೂತಿದೆ, ಅದನ್ನು ಬಿಟ್ಟರೆ ಗೂಡಿನಲ್ಲಿ ಏನೂ ಬದಲಾಗಿಲ್ಲ. ಕೆಂಪಿಗೆ ಏನಾದರೂ ಕಾಯಿಲೆಯೇ ಅಂತ ರಾತ್ರಿ ನಿದ್ದೆ ಬರುತ್ತಿಲ್ಲ.

ರಾಗಿಹೊಲ, ತುಮಕೂರು

ಕ್ಯಾಲ್ಸಿಯಂ ಕಡಿಮೆ ಆಗಿರಬೇಕು ಅಕ್ಕ. ಔಷಧಿ ಅಂಗಡಿಯಲ್ಲಿ ಕ್ಯಾಲ್ಸಿಯಂ ಟಾನಿಕ್ ಸಿಗುತ್ತದೆ. ಹತ್ತು ದಿನ ನೀರಿಗೆ ಬೆರೆಸಿ ಕೊಡಿ.

ಗೂಡುಗಾವಲು, ಚನ್ನರಾಯಪಟ್ಟಣ

ಟಾನಿಕ್ ತರುವ ಮೊದಲು ಒಂದು ನಿಮಿಷ ತಡೀರಿ. ಕ್ಯಾಲ್ಸಿಯಂ ಕಡಿಮೆಯಾದರೆ ಸಾಮಾನ್ಯವಾಗಿ ಮೊದಲು ಚಿಪ್ಪು ತೆಳ್ಳಗಾಗುತ್ತದೆ, ಕೆಲವು ಸಲ ಚಿಪ್ಪೇ ಇಲ್ಲದ ಮೊಟ್ಟೆ ಬರುತ್ತದೆ. ನಿಮ್ಮಲ್ಲಿ ಹಾಗೇನೂ ಆಗಿಲ್ಲ. ಲೇಯರ್ ಮ್ಯಾಶ್‌ನಲ್ಲಿ ಬೇಕಾದಷ್ಟು ಕ್ಯಾಲ್ಸಿಯಂ ಇರುತ್ತದೆ.

ನೀವು ಬರೆದಿದ್ದನ್ನು ಇನ್ನೊಮ್ಮೆ ಓದಿ. "ಇಟ್ಟಿಲ್ಲ" ಅಂತ ಶುರು ಮಾಡಿ "ಸಿಕ್ಕಿಲ್ಲ" ಅಂತ ಮುಗಿಸಿದ್ದೀರಿ. ಇವೆರಡೂ ಬೇರೆ ಬೇರೆ. ಕೋಳಿ ಇಡುತ್ತಿದೆಯೋ ಇಲ್ಲವೋ ಅನ್ನೋದನ್ನು ಅದರ ಮೈ ನೋಡಿಯೇ ಹೇಳಬಹುದು.

ರಾತ್ರಿ ಗೂಡಿಗೆ ಸೇರಿದ ಮೇಲೆ ಅವಳನ್ನು ಮೆಲ್ಲಗೆ ಎತ್ತಿಕೊಳ್ಳಿ, ಕತ್ತಲಲ್ಲಿ ಗಾಬರಿ ಆಗುವುದಿಲ್ಲ. ಬಾಲದ ಕೆಳಗೆ, ಮೊಟ್ಟೆ ಬರುವ ಜಾಗದ ಎರಡೂ ಪಕ್ಕ, ಚೂಪಾದ ಎರಡು ಮೂಳೆ ಕೈಗೆ ಸಿಗುತ್ತವೆ. ಅವುಗಳ ನಡುವೆ ಎರಡು ಮೂರು ಬೆರಳು ಹಿಡಿಸಿದರೆ ಕೋಳಿ ಇಡುತ್ತಿದೆ. ಒಂದೇ ಬೆರಳು ಹಿಡಿಸಿದರೆ ನಿಲ್ಲಿಸಿದೆ. ಆ ಜಾಗ ಅಗಲವಾಗಿ ಒದ್ದೆಯಾಗಿದ್ದರೆ ಒಳ್ಳೆಯದು. ಒಣಗಿ ಮುದುಡಿಕೊಂಡಿದ್ದರೆ ಮೊಟ್ಟೆ ನಿಂತಿದೆ. ಜುಟ್ಟನ್ನೂ ನೋಡಿ. ಇಡುವ ಕೋಳಿಯ ಜುಟ್ಟು ಕೆಂಪಗೆ, ತುಂಬಿಕೊಂಡಿರುತ್ತದೆ. ನಿಲ್ಲಿಸಿದ ಕೋಳಿಯದು ಸೊರಗಿ ಬಿಳಿಚಿಕೊಳ್ಳುತ್ತದೆ. ಗರಿ ಉದುರುತ್ತಿದೆಯಾ ಅಂತಲೂ ಹೇಳಿ.

ಒಂದು ವಿಷಯ ಮಾತ್ರ ತಡ ಮಾಡುವಂಥದ್ದಲ್ಲ. ಕೋಳಿ ಬಾಲ ಇಳಿಬಿಟ್ಟು, ಮೈ ನೆಟ್ಟಗೆ ಮಾಡಿ ನಿಂತು ಮತ್ತೆ ಮತ್ತೆ ಮುಕ್ಕರಿಯುತ್ತಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡಿರಬಹುದು. ಆಗ ಹಿಂಭಾಗ ಮುಳುಗುವಂತೆ ಉಗುರುಬೆಚ್ಚಗಿನ ನೀರಿನಲ್ಲಿ ಇಪ್ಪತ್ತು ನಿಮಿಷ ಕೂರಿಸಿ, ಮೈ ಒರೆಸಿ, ಅದೇ ದಿನ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಹೊಟ್ಟೆ ಒತ್ತಿ ಹೊರಗೆ ತೆಗೆಯಲು ಹೋಗಬೇಡಿ. ಒಳಗೆ ಒಡೆದರೆ ಜೀವಕ್ಕೇ ಅಪಾಯ. ಕೆಂಪಿ ತಿಂದುಕೊಂಡು ಓಡಾಡುತ್ತಿದ್ದಾಳೆ ಅಂದಿದ್ದೀರಿ, ಹಾಗಾಗಿ ಇದು ಅದಲ್ಲ ಅಂತ ನನ್ನ ಅಂದಾಜು.

ಹಿತ್ತಲಮನೆ (ಡಿಸೆಂಬರ್ 8)

ನಿನ್ನೆ ರಾತ್ರಿ ನೋಡಿದೆ ಸರ್. ಮೂರು ಬೆರಳು ಆರಾಮಾಗಿ ಹಿಡಿಸಿತು! ಜುಟ್ಟು ಕೆಂಪಗಿದೆ. ಗರಿ ಉದುರಿಲ್ಲ. ಹಾಗಾದರೆ ಮೊಟ್ಟೆ ಎಲ್ಲಿ ಹೋಗುತ್ತಿದೆ? ಕಾಗೆ, ಮುಂಗುಸಿ ಎರಡೂ ಇಲ್ಲಿ ಓಡಾಡುತ್ತವೆ.

ಗೂಡುಗಾವಲು

ಅವಳು ಬೇರೆ ಜಾಗ ಮಾಡಿಕೊಂಡಿದ್ದಾಳೆ. ನಾಳೆ ಗೂಡಿನ ಬಾಗಿಲನ್ನು ಬೆಳಿಗ್ಗೆ ತೆಗೆಯಬೇಡಿ. ಒಳಗೇ ಮೇವು, ನೀರು ಇಟ್ಟು ಮಧ್ಯಾಹ್ನ ಒಂದು ಗಂಟೆಯವರೆಗೆ ಬಿಡಿ. ಒಂದು ಮೊಟ್ಟೆ ತಯಾರಾಗಲು 24ರಿಂದ 26 ಗಂಟೆ ಬೇಕು, ಹಾಗಾಗಿ ಇಡುವ ಹೊತ್ತು ದಿನಾ ಸ್ವಲ್ಪ ಮುಂದೆ ಹೋಗುತ್ತದೆ. ಒಂದು ದಿನಕ್ಕೆ ಸಿಗದಿದ್ದರೆ ಮೂರು ದಿನ ಹೀಗೇ ಮಾಡಿ.

ಆಮೇಲೆ ಹಿತ್ತಲು ಹುಡುಕಿ. ಸೌದೆ ರಾಶಿ, ತೆಂಗಿನ ಸೋಗೆ, ಹಳೇ ಡ್ರಮ್ಮಿನ ಹಿಂದೆ, ದಟ್ಟವಾಗಿ ಬೆಳೆದ ಗಿಡದ ಬುಡ. ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ. ಮೊಟ್ಟೆ ಇರುವ ಕಡೆ ಹಾವು ಬರುತ್ತದೆ.

ಇನ್ನೊಂದು. ಕಾವಿಗೆ ಕೂತ ಕೋಳಿ ಬಗ್ಗೆ "ಅದನ್ನು ಬಿಟ್ಟರೆ ಏನೂ ಬದಲಾಗಿಲ್ಲ" ಅಂದಿರಲ್ಲ, ನನಗೆ ಅದರ ಮೇಲೇ ಅನುಮಾನ. ಬುಟ್ಟಿ ಒಂದೇ ಇದೆಯಾ? ಇವತ್ತು ರಾತ್ರಿ ಟಾರ್ಚ್ ಹಿಡಿದು ಬುಟ್ಟಿಯ ಸಂದಿಗಳನ್ನು ನೋಡಿ. ಬಿಳಿ ಬಟ್ಟೆಯಿಂದ ಒಮ್ಮೆ ಒರೆಸಿ.

ಹಿತ್ತಲಮನೆ (ಡಿಸೆಂಬರ್ 10)

ಸರ್, ಎಲ್ಲಾ ಸಿಕ್ಕಿತು. ನಿನ್ನೆ ಹನ್ನೊಂದೂವರೆಗೆ ಕೆಂಪಿ ಗೂಡಿನ ಮೂಲೆಯಲ್ಲಿ, ಬರೀ ನೆಲದ ಮೇಲೆ ಮೊಟ್ಟೆ ಇಟ್ಟಳು. ಸಂಜೆ ತೆಂಗಿನ ಸೋಗೆ ರಾಶಿ ಸರಿಸಿದರೆ ಎಂಟು ಮೊಟ್ಟೆ! ಮಗಳು ಖುಷಿಗೆ ಅತ್ತೇ ಬಿಟ್ಟಳು.

ಬುಟ್ಟಿ ಮಾತ್ರ ನೋಡಲಾಗಲಿಲ್ಲ. ಒರೆಸಿದ ಬಟ್ಟೆ ಮೇಲೆ ಸಾಸಿವೆಗಿಂತ ಚಿಕ್ಕ ಹುಳ ಹರಿದಾಡುತ್ತಿದ್ದವು, ಉಜ್ಜಿದರೆ ರಕ್ತ. ಕಾವಿಗೆ ಕೂತ ನಾಟಿಯ ಜುಟ್ಟು ಬಿಳಿಚಿಕೊಂಡಿದೆ, ಮೈ ಹಗುರಾಗಿದೆ. ನಾನು ಕೆಂಪಿಯ ಚಿಂತೆಯಲ್ಲಿ ಅವಳನ್ನು ನೋಡಲೇ ಇಲ್ಲ. ತುಂಬಾ ಬೇಜಾರಾಯಿತು.

ಗೂಡುಗಾವಲು

ಅವು ಕೆಂಪು ಹೇನು, ಅಂದರೆ ರೆಡ್ ಮೈಟ್ ಅನ್ನೋ ನುಸಿ. ಹಗಲು ಸಂದಿಯಲ್ಲಿ ಅಡಗಿರುತ್ತವೆ, ರಾತ್ರಿ ಬಂದು ರಕ್ತ ಹೀರುತ್ತವೆ. ಕಾವಿನ ಕೋಳಿ ಅಲುಗಾಡದೆ ಕೂತಿರುತ್ತದೆ, ಬಿಸಿಯೂ ಇರುತ್ತದೆ. ಹೇನಿಗೆ ಇನ್ನೇನು ಬೇಕು? ಕೆಂಪಿಗೆ ಬುಟ್ಟಿಯೂ ಖಾಲಿ ಇಲ್ಲ, ಹತ್ತಿರ ಹೋದರೆ ಕಡಿತ ಬೇರೆ. ಅದಕ್ಕೇ ಸೋಗೆ ಕಡೆ ಹೋಗಿದ್ದಾಳೆ.

ಬುಟ್ಟಿಯ ಹುಲ್ಲನ್ನೆಲ್ಲ ಸುಟ್ಟುಬಿಡಿ. ಬುಟ್ಟಿ, ಹಲಗೆ, ಗೂಡಿನ ಕಂಬದ ಸಂದಿಗೆ ಕುದಿಯುವ ನೀರು ಸುರಿದು ಬಿಸಿಲಿಗಿಡಿ. ಒಂದು ವಾರ ಬಿಟ್ಟು ಇನ್ನೊಮ್ಮೆ ಮಾಡಲೇಬೇಕು, ಯಾಕೆಂದರೆ ಉಳಿದ ಹೇನಿನ ಮೊಟ್ಟೆಗಳು ಅಷ್ಟರಲ್ಲಿ ಒಡೆದಿರುತ್ತವೆ. ಔಷಧಿ ಬೇಕಾದರೆ ಪಶುವೈದ್ಯರನ್ನೇ ಕೇಳಿ. ಹೊಲಕ್ಕೆ ಹೊಡೆಯುವ ಔಷಧಿಯನ್ನು ಕೋಳಿ ಮೈಗೆ ಹಾಕಬೇಡಿ. ಒಂದು ಮೂಲೆಯಲ್ಲಿ ಒಣ ಮಣ್ಣಿಗೆ ಒಲೆ ಬೂದಿ ಬೆರೆಸಿಡಿ, ಅವೇ ಹೊರಳಾಡಿ ಮೈ ಸರಿ ಮಾಡಿಕೊಳ್ಳುತ್ತವೆ.

ನಾಟಿ ಕೋಳಿಯ ಕಾವನ್ನು ಬಿಡಿಸಲೇಬೇಕು. ಮರಿ ಆಗಲು 21 ದಿನ ಸಾಕು. ಆದರೆ ಹುಂಜ ಇಲ್ಲದ ಮನೆಯಲ್ಲಿ ಎಷ್ಟು ದಿನ ಕೂತರೂ ಮರಿ ಬರುವುದಿಲ್ಲ, ಪಾಪ ಅವಳು ಸೊರಗುತ್ತಾಳೆ ಅಷ್ಟೇ. ತಳದಲ್ಲಿ ತಂತಿಬಲೆ ಇರುವ ಪಂಜರವನ್ನು ಇಟ್ಟಿಗೆ ಮೇಲಿಟ್ಟು, ಮೇವು ನೀರು ಕೊಟ್ಟು, ಮೂರು ನಾಲ್ಕು ದಿನ ಅದರಲ್ಲಿಡಿ. ಹೊಟ್ಟೆಯ ಅಡಿಗೆ ಗಾಳಿ ಆಡಿದರೆ ಕಾವು ಇಳಿಯುತ್ತದೆ. ತಣ್ಣೀರಿನಲ್ಲಿ ಅದ್ದುವುದನ್ನು ನನ್ನ ಅಜ್ಜಿ ಮಾಡುತ್ತಿದ್ದರು, ನಾನು ಮಾಡುವುದಿಲ್ಲ. ಸೊರಗಿದ ಕೋಳಿಗೆ ಅಷ್ಟು ಹಿಂಸೆ ಬೇಡ.

ಇನ್ನೊಂದು ಬುಟ್ಟಿ ಇಡಿ. ಅದರಲ್ಲಿ ಪಿಂಗ್‌ಪಾಂಗ್ ಚೆಂಡು ಹಾಕಿ, ಕೆಂಪಿ ಅದನ್ನು ನೋಡಿ ಅಲ್ಲೇ ಇಡುತ್ತಾಳೆ. ಸಿಕ್ಕ ಎಂಟನ್ನು ನೀರಿಗೆ ಹಾಕಿ ನೋಡಿ. ತೇಲಿದ್ದು ಹಳೆಯದು, ಬಿಸಾಡಿ. ಮುಳುಗಿದ್ದನ್ನೂ ಒಂದೊಂದಾಗಿ ಬಟ್ಟಲಿಗೆ ಒಡೆದು ನೋಡಿಯೇ ಬಳಸಿ.

ಮಾವಿನತೋಪು, ಒಂಟಾರಿಯೊ, ಕೆನಡಾ

ಇಲ್ಲೇ ಕೇಳಬಹುದಾ? ನಮ್ಮ ನಾಲ್ಕೂ ಕೋಳಿ ನವೆಂಬರ್‌ನಿಂದ ನಿಲ್ಲಿಸಿವೆ. ನೀವು ಹೇಳಿದಂತೆ ನೋಡಿದೆ, ಒಂದೇ ಬೆರಳು. ಗರಿ ರಾಶಿ ರಾಶಿ ಉದುರಿವೆ.

ಗೂಡುಗಾವಲು

ನಿಮ್ಮವು ನಿಜವಾಗಿ ನಿಲ್ಲಿಸಿವೆ ತಂಗಿ, ಆದರೆ ಅದು ಕಾಯಿಲೆಯಲ್ಲ. ಮೈಸೂರಿನಲ್ಲಿ ಡಿಸೆಂಬರ್‌ನಲ್ಲೂ ಹಗಲು ಸುಮಾರು 11 ಗಂಟೆ 25 ನಿಮಿಷ ಇರುತ್ತದೆ. ನಿಮ್ಮಲ್ಲಿ 9 ಗಂಟೆಯ ಆಸುಪಾಸು, ಅಲ್ವಾ? ಕೋಳಿ ಚೆನ್ನಾಗಿ ಇಡಲು 14ರಿಂದ 16 ಗಂಟೆ ಬೆಳಕು ಬೇಕು. ಅದರ ಮೇಲೆ ಹೊಸ ಗರಿ ಬರುವ ಸಮಯ. ಗರಿಯೆಲ್ಲ ಪ್ರೋಟೀನೇ ಆದ್ದರಿಂದ ತಿಂದದ್ದು ಅಲ್ಲಿಗೇ ಹೋಗುತ್ತದೆ. ಎರಡು ಮೂರು ತಿಂಗಳು ಬೇಕಾಗಬಹುದು. ಅನ್ನ ಕಡಿಮೆ ಮಾಡಿ, ಪ್ರೋಟೀನ್ ಇರುವ ಮೇವು ಜಾಸ್ತಿ ಕೊಡಿ.

ಬಲ್ಬ್ ಹಾಕುವುದಾದರೆ ಬೆಳಗಿನ ಜಾವ ಹಾಕಿ. ಸಂಜೆ ಹಾಕಿ ಫಟ್ ಅಂತ ಆರಿಸಿದರೆ ಕೋಳಿ ಕತ್ತಲಲ್ಲಿ ಕೂರುವ ಜಾಗ ಸಿಗದೆ ಒದ್ದಾಡುತ್ತದೆ. ನನ್ನ ಕೋಳಿಗಳಾಗಿದ್ದರೆ ಬಲ್ಬ್ ಹಾಕದೆ ಸುಮ್ನೆ ವಿಶ್ರಾಂತಿಗೆ ಬಿಡುತ್ತಿದ್ದೆ.

ಹಿತ್ತಲಮನೆ (ಡಿಸೆಂಬರ್ 19)

ಎರಡನೇ ಸಲ ಕುದಿಯುವ ನೀರು ಹಾಕಿದ್ದಾಯಿತು. ಬಟ್ಟೆ ಒರೆಸಿದರೆ ಏನೂ ಇಲ್ಲ. ನಾಟಿ ಕೋಳಿ ನಾಲ್ಕನೇ ದಿನ ಕಾವು ಬಿಟ್ಟು, ಈಗ ಬೂದಿಯಲ್ಲಿ ಹೊರಳಾಡುತ್ತಿದೆ. ಕೆಂಪಿ ಹೊಸ ಬುಟ್ಟಿಯಲ್ಲಿ ಚೆಂಡಿನ ಪಕ್ಕ ಮೂರು ಇಟ್ಟಿದ್ದಾಳೆ.