ಮ್ಯಾಗ್ನಾ ಕಾರ್ಟಾ: ಚರ್ಚು ಯಾರ ಕಡೆಗಿತ್ತು?

ರಘುನಂದನ: ಮ್ಯಾಗ್ನಾ ಕಾರ್ಟಾ, ಅಂದರೆ ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಇಂಗ್ಲೆಂಡಿನ ಸನ್ನದು, ಚರ್ಚು ಮತ್ತು ಸಾಮಂತರು (ಬ್ಯಾರನ್‌ಗಳು) ಸೇರಿ ಜಾನ್ ರಾಜನನ್ನು ಬಗ್ಗಿಸಿದ ಕಥೆ. ಮೊದಲ ಕಲಮಿನಲ್ಲೇ ಇಂಗ್ಲೆಂಡಿನ ಚರ್ಚು ಸ್ವತಂತ್ರ ಅಂತಿದೆಯಲ್ಲ, ಇದರಲ್ಲಿ ವಾದ ಏನು?

ಸುಮಾ: ಯಾವ ಚರ್ಚು ಸರ್? 1215ರ ಜೂನ್‌ನಲ್ಲಿ ರನ್ನಿಮೀಡ್‌ನಲ್ಲಿ ಒಪ್ಪಂದ ಆಯ್ತು, ಆಗಸ್ಟ್ 24ಕ್ಕೆ ಪೋಪ್ ಮೂರನೇ ಇನ್ನೊಸೆಂಟ್ ರದ್ದು ಮಾಡಿದ. ಬಂಡೆದ್ದ ಬ್ಯಾರನ್‌ಗಳಿಗೆ ಚರ್ಚಿನಿಂದ ಬಹಿಷ್ಕಾರ ಸಾರಲು ಒಪ್ಪದ ಲ್ಯಾಂಗ್ಟನ್, ಇಂಗ್ಲೆಂಡಿನ ಚರ್ಚಿನ ಮುಖ್ಯಸ್ಥನಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್, ಅಮಾನತಾದ. ಇದೇ ಲ್ಯಾಂಗ್ಟನ್‌ನನ್ನು ಜಾನ್ ಒಪ್ಪದಿದ್ದಾಗ, ಅವನನ್ನೇ ಕ್ಯಾಂಟರ್ಬರಿಯಲ್ಲಿ ಕೂರಿಸಲೇಬೇಕು ಅಂತ 1208ರಿಂದ ಆರು ವರ್ಷ ಇಡೀ ದೇಶದ ಪೂಜೆ ನಿಲ್ಲಿಸಿದ್ದೂ ಇದೇ ಪೋಪ್! ಸತ್ತವರಿಗೆ ಪವಿತ್ರ ನೆಲದಲ್ಲಿ ಜಾಗ ಕೂಡ ಇರಲಿಲ್ಲ.

ಕೋಟೆಹುಡುಗ: ಆ ಆರು ವರ್ಷ ಜಾನ್ ನರಳಿದ ಅಂದ್ಕೊಂಡ್ರಾ? ಚರ್ಚಿನ ಆಸ್ತಿ ಮುಟ್ಟುಗೋಲು. ಪಾದ್ರಿಗಳು ಇಟ್ಟುಕೊಂಡಿದ್ದ ಹೆಂಗಸರನ್ನು ಹಿಡಿಸಿ, ದುಡ್ಡು ಕೊಟ್ಟು ಬಿಡಿಸಿಕೊಳ್ಳಿ ಅಂದ. ಪಾಪ, ಯಾರಿಗೆ ಹೇಳಿಕೊಳ್ತಾರೆ? 1213ರಲ್ಲಿ ಫ್ರಾನ್ಸ್ ದಂಡೆತ್ತಿ ಬರುತ್ತೆ ಅಂದಾಗ ರಾಜ್ಯವನ್ನೇ ಪೋಪ್‌ಗೆ ಒಪ್ಪಿಸಿ, ವರ್ಷಕ್ಕೆ 1,000 ಮಾರ್ಕ್ (ಆಗಿನ ಹಣದ ಲೆಕ್ಕ) ಕಪ್ಪಕ್ಕೆ ತಲೆಬಾಗಿದ. ಅವಮಾನ ಅಂತಾರೆ, ನನಗೆ ಪಕ್ಕಾ ಲೆಕ್ಕಾಚಾರ ಕಾಣುತ್ತೆ. 1215ರ ಮಾರ್ಚ್‌ನಲ್ಲಿ ಧರ್ಮಯುದ್ಧಕ್ಕೆ ಹೋಗ್ತೀನಿ ಅಂತ ಪ್ರತಿಜ್ಞೆ ಬೇರೆ ಮಾಡಿದ. ಇನ್ನು ಅವನ ಮೇಲೆ ಕೈ ಮಾಡಿದವರೇ ಧರ್ಮದ್ರೋಹಿಗಳು!

ರಘುನಂದನ: ಹಾಗಾದ್ರೆ ಬ್ಯಾರನ್‌ಗಳ ಮುಖಂಡ ರಾಬರ್ಟ್ ಫಿಟ್ಜ್‌ವಾಲ್ಟರ್ ತಾನು ದೇವರ ಮತ್ತು ಪವಿತ್ರ ಚರ್ಚಿನ ಸೇನೆಯ ದಂಡನಾಯಕ ಅಂದುಕೊಂಡಿದ್ದು ಯಾಕೆ?

ಕೋಟೆಹುಡುಗ: ಬಿರುದು ಹಾಕಿಕೊಳ್ಳೋಕೆ ಕಾಸು ಕೊಡಬೇಕಾ ಗುರುವೇ? ಸಿಟ್ಟಿನ ಮೂಲ ತೆರಿಗೆ. ಯುದ್ಧಕ್ಕೆ ಬರದವರು ಒಂದು ನೈಟ್ ಜಹಗೀರಿಗೆ (ಒಬ್ಬ ಕುದುರೆ ಸವಾರ ಯೋಧನನ್ನು ಒದಗಿಸಬೇಕಾದ ಜಮೀನಿಗೆ) 3 ಮಾರ್ಕ್ ಕಟ್ಟಿ ಅಂದ ಜಾನ್. 1214ರ ಜುಲೈನಲ್ಲಿ ಬುವೀನ್ ಕದನದಲ್ಲಿ ಅವನ ಮಿತ್ರರು ಫ್ರಾನ್ಸಿನ ರಾಜನ ಎದುರು ಸೋತರು, ಆ ದುಡ್ಡೆಲ್ಲ ನೀರಿಗೆ ಹೋಯ್ತು.

ಸುಮಾ: ಬರೀ ದುಡ್ಡು ಅನ್ನೋದೂ ಅತಿಯಾಯ್ತು. 61ನೇ ಕಲಂ ನೋಡಿ: ರಾಜ ಮಾತಿಗೆ ತಪ್ಪಿದರೆ 25 ಬ್ಯಾರನ್‌ಗಳು ಅವನ ಕೋಟೆ, ಜಮೀನು ವಶಪಡಿಸಿಕೊಳ್ಳಬಹುದು. ಯಾವ ರಾಜ ಮನಸಾರೆ ಒಪ್ತಾನೆ? 1216ರಲ್ಲಿ ಜಾನ್ ಸತ್ತ, ಒಂಬತ್ತು ವರ್ಷದ ಮೂರನೇ ಹೆನ್ರಿ ಪಟ್ಟಕ್ಕೆ ಬಂದ. ಬ್ಯಾರನ್‌ಗಳು ಕರೆಸಿಕೊಂಡಿದ್ದ ಫ್ರೆಂಚ್ ಯುವರಾಜ ಲೂಯಿ ಆಗಲೇ ಲಂಡನ್ನಿನಲ್ಲಿದ್ದ. ಹೆನ್ರಿಯ ಕಡೆಯವರು ಆ 61ನೇ ಕಲಂ ಕಿತ್ತುಹಾಕಿ ಅದೇ ಸನ್ನದನ್ನು ಮತ್ತೆ ಹೊರಡಿಸಿದರು. ಅದರ ಮೇಲೆ ಮೊಹರು ಯಾರದ್ದು? ಬಾಲರಾಜನ ಪರ ಆಡಳಿತ ನಡೆಸುತ್ತಿದ್ದ ವಿಲಿಯಂ ಮಾರ್ಷಲ್‌ದು, ಜೊತೆಗೆ ಪೋಪ್‌ನ ಪ್ರತಿನಿಧಿ ಗ್ವಾಲಾನದು.

ರಘುನಂದನ: ಅಂದ್ರೆ ಕೆಡಿಸಿದ್ದೂ ರೋಮ್, ಉಳಿಸಿದ್ದೂ ರೋಮ್. ಲ್ಯಾಂಗ್ಟನ್ ಪಾಲು ಸೊನ್ನೆನಾ ಮೇಡಂ?

ಸುಮಾ: 1225ರಲ್ಲಿ ಮತ್ತೆ ಹೊರಡಿಸಿದ ಪ್ರತಿ ನೋಡಿ ಸರ್. ಜನ ತಮ್ಮ ಚರಾಸ್ತಿಯ ಹದಿನೈದರಲ್ಲಿ ಒಂದು ಪಾಲು ತೆರಿಗೆ ಕೊಟ್ಟು ಪಡೆದ ಸನ್ನದು ಅದು. ಸಾಕ್ಷಿಗಳ ಸಾಲಿನಲ್ಲಿ ಮೊದಲ ಹೆಸರೇ ಲ್ಯಾಂಗ್ಟನ್‌ದು.